ಪ್ರೇಬೆನ್ ಈಸ್ಟರ್ ಅಳಿಸಿದ್ದು

ಸುಳ್ಳು ಹೇಳುವವರಲ್ಲಿ ಎರಡು ಬಗೆ. ಬಾಯಿಬಿಟ್ಟು ಹೇಳುವವರು ಕೆಲವರು. ಬಾಯಿ ತುಂಬ ಕೇಕ್ ಇಟ್ಟುಕೊಂಡು ಸುಮ್ಮನಿದ್ದುಬಿಡುವವರು ಕೆಲವರು. ನಮ್ಮ ಪಕ್ಕದ ಮನೆಯ ಪ್ರೇಬೆನ್ ಟೋಫ್ಟ್ ಎರಡನೆಯ ಬಗೆಯವನು. ಊರಿಗೆ ತಿಳಿದಂತೆ ಅವನು ಒಂದೇ ಒಂದು ಸುಳ್ಳು ಹೇಳಿದ್ದು, ಅದೂ ಬಾಯಿ ತೆರೆಯದೆ. ಅಷ್ಟಕ್ಕೇ ಕ್ರಾಗ್‌ಸುಂಡ್ ಊರಿನ ಎರಡೂ ದಂಡೆಗಳು ಹತ್ತು ದಿನ ನೆಮ್ಮದಿಗೆಟ್ಟವು.

ಪ್ರೇಬೆನ್ ಬಸ್ ಕಂಪನಿಯಲ್ಲಿ ಮೂವತ್ತೊಂದು ವರ್ಷ ವೇಳಾಪಟ್ಟಿ ಬರೆದವನು. ಯಾವ ಬಸ್ಸು ಎಷ್ಟು ಗಂಟೆಗೆ ಎಲ್ಲಿರಬೇಕು ಎಂಬುದು ಅವನ ನಾಲಗೆಯ ತುದಿಯಲ್ಲಿತ್ತು. ಬಸ್ಸುಗಳಿಗೆ ಅದು ಗೊತ್ತಿತ್ತೋ ಇಲ್ಲವೋ ಬೇರೆ ಮಾತು. ಒಂದು ದಿನ ಕಂಪನಿ ಆ ಕೆಲಸಕ್ಕೆ ಕಂಪ್ಯೂಟರ್ ತಂದು ಕೂರಿಸಿತು. ಪ್ರೇಬೆನ್‌ನ ಕೈಗೆ ಒಂದು ಹೂಗುಚ್ಛ, ಒಂದು ಗೋಡೆಯ ಬಾರೋಮೀಟರ್ ಕೊಟ್ಟು ಮನೆಗೆ ಕಳಿಸಿತು. ಬೇರೆ ಯಾರಾದರೂ ಆಗಿದ್ದರೆ ಗಾಳ ಹಿಡಿದು ಮೀನಿಗೆ ಹೋಗುತ್ತಿದ್ದರು. ಪ್ರೇಬೆನ್ ಮಾತ್ರ, ತನ್ನ ಕುರ್ಚಿ ಕಿತ್ತುಕೊಂಡದ್ದು ಎಂಥ ಪ್ರಾಣಿ ಎಂದು ನೋಡಿಯೇ ಬಿಡೋಣವೆಂದು ಸಂಜೆ ತರಗತಿಗೆ ಸೇರಿ ಪ್ರೋಗ್ರಾಂ ಬರೆಯುವುದನ್ನು ಕಲಿತ.

ಅಲ್ಲಿ ಅವನಿಗೆ ಲೈಬ್ರರಿಯ ಪರಿಚಯವಾಯಿತು. ಕಂಪ್ಯೂಟರ್‌ನವರು ಲೈಬ್ರರಿ ಎನ್ನುವುದು ಪುಸ್ತಕದ ಮನೆಗಲ್ಲ. ಯಾರೋ ಒಬ್ಬರು ಬರೆದಿಟ್ಟ ಪ್ರೋಗ್ರಾಂ ತುಣುಕುಗಳನ್ನು ಉಳಿದವರು ತಂದು ತಮ್ಮ ಕೆಲಸಕ್ಕೆ ಹಚ್ಚಿಕೊಳ್ಳುತ್ತಾರೆ. ಅಂಥ ತುಣುಕುಗಳ ಕಟ್ಟಿಗೆ ಆ ಹೆಸರು. ನಮ್ಮ ಊರಿನ ಭಾಷೆಯಲ್ಲೂ ಎರಡಕ್ಕೂ ಒಂದೇ ಪದ. ಮುಂದೆ ಆದ ಅನಾಹುತಕ್ಕೆಲ್ಲ ಆ ಪದವನ್ನು ಹುಟ್ಟಿಸಿದವರೇ ಹೊಣೆ ಎಂದು ಪ್ರೇಬೆನ್ ಇವತ್ತಿಗೂ ವಾದಿಸುತ್ತಾನೆ.

ಅವನು ಮೆಚ್ಚಿದ ಲೈಬ್ರರಿಯ ಹೆಸರು ಟೀಮೆಗ್ಲಾಸ್, ಅಂದರೆ ಮರಳುಗಡಿಯಾರ. ದಿನ, ವಾರ, ತಿಂಗಳು, ಹಬ್ಬ ಇವುಗಳ ಲೆಕ್ಕ ಅದರ ಕೆಲಸ; ನಲವತ್ತು ದೇಶದವರು ಅದನ್ನು ಬಳಸುತ್ತಿದ್ದರು. ನಾರ್ವೆಯ ತುತ್ತತುದಿಯ ಟ್ರೋಮ್ಸೋ ಊರಿನಲ್ಲಿ ಗುನ್ವೋರ್ ಎಂಬ ಶಾಲಾ ಮೇಡಂ ಬಿಡುವಿನ ಹೊತ್ತಿನಲ್ಲಿ ಒಬ್ಬಳೇ ಕೂತು ಒಂಬತ್ತು ವರ್ಷದಿಂದ ಅದನ್ನು ಕಟ್ಟುತ್ತಿದ್ದಳು. ಯಾವ ತುಣುಕು ಏನು ಮಾಡುತ್ತದೆ ಎಂದು ತಿಳಿಸುವ ಕೈಪಿಡಿಯೂ ಅವಳದೇ. ಬರೆಯುತ್ತ ಬರೆಯುತ್ತ ಅದರಲ್ಲಿ ಕೆಲವು ತುಣುಕುಗಳ ವಿವರ ಮುಂದೊಮ್ಮೆ, ಹಿಂದೊಮ್ಮೆ, ಎರಡೆರಡು ಸಲ ಸೇರಿಬಿಟ್ಟಿತ್ತು. "ನಕಲುಗಳನ್ನು ತೆಗೆದುಕೊಡುವ ಪುಣ್ಯಾತ್ಮರು ಯಾರಾದರೂ ಇದ್ದೀರಾ?" ಎಂದು ಅವಳು ಕೇಳಿದಳು. ಪ್ರೇಬೆನ್ ಕೈಯೆತ್ತಿದ. ಒಂಬತ್ತು ವರ್ಷದಲ್ಲಿ ಕೈಯೆತ್ತಿದ ಮೊದಲ ಮನುಷ್ಯ ಅವನಾದ್ದರಿಂದ ಅರ್ಹತೆಯ ಪ್ರಶ್ನೆ ಏಳಲಿಲ್ಲ.

ಅದೇ ಭಾನುವಾರ ಬೊದಿಲ್‌ಳ ಅರವತ್ತನೆಯ ಹುಟ್ಟುಹಬ್ಬ. ಬೊದಿಲ್ ಎಂದರೆ ಪ್ರೇಬೆನ್‌ನ ಹೆಂಡತಿ ಇಂಗೆಲೀಸಳ ಅಕ್ಕ. ಮೇಜಿನ ತುಂಬ ಪುಟ್ಟ ಬಾವುಟಗಳು, ಬೆಣ್ಣೆ ಸವರಿದ ಬನ್ನು, ಮೂರು ಅಂತಸ್ತಿನ ಕ್ರೀಮ್ ಕೇಕ್, ಎಷ್ಟು ಕುಡಿದರೂ ಮುಗಿಯದ ಕಾಫಿ. ನಾನೂ ಇದ್ದೆ. ನೆರೆಹೊರೆಯವರನ್ನು ಕರೆಯದಿದ್ದರೆ ಬೊದಿಲ್‌ಳ ಅಳಿಯನ ಗುಣಗಾನ ಕೇಳಲು ಕಿವಿಗಳು ಸಾಲುವುದಿಲ್ಲ.

"ನಮ್ಮ ಅಳಿಯಂಗೆ ಮತ್ತೆ ಬಡ್ತಿ," ಎಂದಳು ಬೊದಿಲ್. "ಈಗ ಅವನ ಕೈಕೆಳಗೆ ಅರವತ್ತೆರಡು ಗಾಳಿಯಂತ್ರ!"

"ಗಾಳಿ ಬೀಸದ ದಿನ ಏನ್ಮಾಡ್ತಾನೆ?" ಎಂದು ಪ್ರೇಬೆನ್ ಕೇಳಿದ. ಕುಹಕವೇನೂ ಇರಲಿಲ್ಲ, ವೇಳಾಪಟ್ಟಿಯವನ ಸಹಜ ಕುತೂಹಲ.

"ನೀನು ಗಾಳಿ ಬೀಸೋ ದಿನಾನೂ ಮನೇಲೇ ಕೂತಿರ್ತೀಯಲ್ಲ ಪ್ರೇಬೆನ್, ನೀನೇನ್ಮಾಡ್ತೀಯ ಅದನ್ನ ಹೇಳು ಮೊದ್ಲು."

ಮೇಜೆಲ್ಲ ನಕ್ಕಿತು. ಪ್ರೇಬೆನ್‌ನ ಕಿವಿ ಕೆಂಪಾಯಿತು. ಫೋರ್ಕ್ ಕೆಳಗಿಟ್ಟ.

"ನಂಗೀಗ ಲೈಬ್ರರಿ ವಹಿಸಿದಾರೆ," ಎಂದ.

"ಏನು? ಲೈಬ್ರರೀನಾ?"

"ಹೂಂ. ಎರಡೆರಡು ಇರೋದನ್ನೆಲ್ಲ ತೆಗೆದುಹಾಕ್ಬೇಕು. ಒಂದೊಂದೇ ಉಳಿಸ್ಬೇಕು. ಜವಾಬ್ದಾರಿ ಕೆಲಸ."

"ಯಾರಪ್ಪಾ ಕೊಟ್ಟಿದ್ದು ನಿಂಗೆ?"

"ಮೇಲಿಂದ ಬಂತು," ಎಂದು ಪ್ರೇಬೆನ್ ಬೆರಳೆತ್ತಿ ತೋರಿಸಿದ. ಅವನು ತೋರಿಸಿದ್ದು ಉತ್ತರ ದಿಕ್ಕನ್ನು, ಟ್ರೋಮ್ಸೋ ಊರನ್ನು. ಮೇಜಿನ ಸುತ್ತ ಕೂತವರು ಮಾತ್ರ ಅದನ್ನು ಪುರಭವನ ಎಂದು ತಿಳಿದರು. ಇಬ್ಬರು ಮೂವರು ಮಂತ್ರಿಗಳ ಕಚೇರಿ ಎಂದೂ ತಿಳಿದರು.

ಬೊದಿಲ್ ಎದ್ದು ಬಂದು ತಾನೇ ಕೈಯಾರ ಪ್ರೇಬೆನ್‌ನ ತಟ್ಟೆಗೆ ಕೇಕಿನ ದೊಡ್ಡ ತುಂಡು ಬಡಿಸಿದಳು. ಮದುವೆಯಾದಂದಿನಿಂದ ಅವನಿಗೆ ಆ ಮನೆಯಲ್ಲಿ ಅಂಚಿನ ತುಂಡೇ ಸಿಗುತ್ತಿದ್ದದ್ದು. ಇಂಗೆಲೀಸ್ ಎದುರಿನಿಂದ "ಸರಿಯಾಗಿ ಹೇಳೋ" ಎಂದು ಕಣ್ಣಲ್ಲೇ ತಿವಿದಳು. ಪ್ರೇಬೆನ್ ಹೆಂಡತಿಯನ್ನು ನೋಡಿದ, ಕೇಕನ್ನು ನೋಡಿದ, ಬಾಯಿ ತುಂಬ ತುರುಕಿಕೊಂಡ.

ಕ್ರಾಗ್‌ಸುಂಡ್ ಹಿಂದೆ ಎರಡು ಊರಾಗಿತ್ತು. ನಡುವೆ ಸಮುದ್ರದ ಸಣ್ಣ ಕಾಲುವೆ, ಅದರ ಮೇಲೊಂದು ಸೇತುವೆ. ಸರ್ಕಾರ ಎರಡೂ ದಂಡೆಗಳನ್ನು ಒಂದು ಪುರಸಭೆ ಮಾಡಿ ವರ್ಷಗಳಾದರೂ ಮನಸ್ಸುಗಳು ಸೇತುವೆ ದಾಟಿಲ್ಲ. ಪೂರ್ವದಂಡೆಗೊಂದು ಲೈಬ್ರರಿ, ಪಶ್ಚಿಮದಂಡೆಗೊಂದು ಲೈಬ್ರರಿ. ಎರಡರ ಗೋಡೆಗೂ ಒಂದೇ ಹಳದಿ ಇಟ್ಟಿಗೆ. ಅದನ್ನು ಮೊದಲು ಬಳಸಿದವರು ಯಾರು ಎಂಬ ಜಗಳ ಇನ್ನೂ ಬಾಕಿಯಿದೆ.

ಸೋಮವಾರ ಬೆಳಗ್ಗೆ ಬೊದಿಲ್ ಫೋನ್ ಕೈಗೆತ್ತಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಬೇಕರಿಯಲ್ಲಿ ಸುದ್ದಿ ಹೀಗಿತ್ತು: ಪುರಸಭೆ ಗುಟ್ಟಾಗಿ ಪ್ರೇಬೆನ್‌ನನ್ನು ನೇಮಿಸಿದೆ, ಲೈಬ್ರರಿಯಲ್ಲಿ ಎರಡು ಪ್ರತಿ ಇರುವ ಪುಸ್ತಕವನ್ನೆಲ್ಲ ಅವನು ಹೊರಗೆಸೆಯುತ್ತಾನೆ. ಸಂಜೆಗೆ ಪೂರ್ವದಂಡೆಯ ಲೈಬ್ರರಿಯ ಮುಂದೆ ಸೈಕಲ್ ನಿಲ್ಲಿಸಲು ಜಾಗವಿರಲಿಲ್ಲ. ಹೊರಗೆ ಸಾಲದ ಮೇಲೆ ಹೋದ ಪುಸ್ತಕವನ್ನು ಎಸೆಯಲಾರರು ಎಂಬುದು ಜನರ ಲೆಕ್ಕ. ನಿವೃತ್ತ ಹಡಗಿನ ಕಪ್ತಾನನೊಬ್ಬ ಹಂದಿ ಸಾಕಣೆಯ ಪುಸ್ತಕದ ನಾಲ್ಕು ಪ್ರತಿ ಹೊತ್ತುಕೊಂಡು ಹೋದ. "ನಿಮಗೆ ಹಂದಿ ಎಲ್ಲಿದೆ?" ಎಂದರೆ "ತತ್ವದ ಪ್ರಶ್ನೆ" ಎಂದನಂತೆ.

ಮಂಗಳವಾರ ಬೆಳಗ್ಗೆ ಪೂರ್ವದಂಡೆಯ ಲೈಬ್ರರಿಯನ್ ಥೋರಾ ಸೈಕಲ್ ತುಳಿದುಕೊಂಡು ನಮ್ಮ ಬೀದಿಗೆ ಬಂದರು. ಜನ ಲೈಬ್ರರಿಗೆ ಬರಲಿ ಎಂದು ಇಪ್ಪತ್ತಾರು ವರ್ಷ ಭಿತ್ತಿಪತ್ರ ಅಂಟಿಸಿದ ಹೆಂಗಸು. ಈಗ ಜನ ಬಂದು ಕಪಾಟು ಖಾಲಿ ಮಾಡಿದ್ದರು. ನಾನು ಬೇಲಿ ಕತ್ತರಿಸುತ್ತಿದ್ದೆ. ಆ ವಾರ ನಾನು ಕತ್ತರಿಸಿದಷ್ಟು ಬೇಲಿಯನ್ನು ಇಡೀ ವರ್ಷದಲ್ಲಿ ಕತ್ತರಿಸಿಲ್ಲ.

"ಪ್ರೇಬೆನ್, ನೇರವಾಗಿ ಕೇಳ್ತೀನಿ. ಎಷ್ಟು ತೆಗೀತಿದೀರ?"

ಪ್ರೇಬೆನ್‌ಗೆ ಹಿಗ್ಗೋ ಹಿಗ್ಗು. ತನ್ನ ಕೆಲಸದ ಬಗ್ಗೆ ಮನೆ ಬಾಗಿಲಿಗೆ ಬಂದು ಕೇಳಿದವರು ಇವರೇ ಮೊದಲು. "ಮೂವತ್ತೇಳು," ಎಂದ.

"ಓದಿಯಾದ್ರೂ ನೋಡಿದೀರಾ ಅವನ್ನ?"

"ಒಂದಕ್ಷರ ಬಿಡದೆ! ಎಲ್ಲಾದಕ್ಕೂ ಕೆಂಪು ಪೆನ್ಸಿಲಲ್ಲಿ ಗುರುತು ಹಾಕಿದೀನಿ."

"ಕೆಂಪು ಪೆನ್ಸಿಲ್," ಎಂದರು ಥೋರಾ. ಅವರ ಬಾಯಲ್ಲಿ ಅದು ಕೊಡಲಿ ಎಂಬಂತೆ ಕೇಳಿಸಿತು. "ಇದಕ್ಕೆ ಅಪ್ಪಣೆ ಕೊಟ್ಟೋರು ಯಾರು?"

"ಗುನ್ವೋರ್. ನಾರ್ವೆಯವಳು."

"ನಾರ್ವೆಯವಳಿಗೂ ಲೈಬ್ರರಿಗೂ ಏನ್ರೀ ಸಂಬಂಧ?"

"ಲೈಬ್ರರಿ ಅವಳದೇ ಅಲ್ವಾ! ಒಂಬತ್ತು ವರ್ಷ ಆಯ್ತಲ್ಲ."

ಥೋರಾ ಸೈಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಒಂಬತ್ತು ವರ್ಷ... ನಂಗ್ಯಾರೂ ಒಂದ್ಮಾತು ಹೇಳ್ಲಿಲ್ಲ."

"ಪಾಪ, ಅವಳಿಗೆ ಹೆಸರು ಹೇಳ್ಕೊಂಡು ತಿರುಗೋದು ಇಷ್ಟ ಇಲ್ಲ," ಎಂದ ಪ್ರೇಬೆನ್, ಮಮತೆಯಿಂದ.

ಥೋರಾ ಸೈಕಲ್ ಹತ್ತಿದರು. ಹೋದದ್ದು ಪುರಭವನದ ಕಡೆಗೆ. ಪ್ರೇಬೆನ್ ನನ್ನತ್ತ ತಿರುಗಿ, "ನೋಡು, ಪುಸ್ತಕದವರಿಗೂ ನಮ್ಮ ಕೆಲಸದ ಮೇಲೆ ಎಷ್ಟು ಕಾಳಜಿ!" ಎಂದು ಒಳಗೆ ಹೋದ.

ಒಳಗೆ ನಡೆದದ್ದನ್ನು ಈಗ ಹೇಳಬೇಕು. ಪ್ರೇಬೆನ್ ಇಡೀ ಕೈಪಿಡಿಯನ್ನು ಕಾಗದದ ಮೇಲೆ ಮುದ್ರಿಸಿ, ಅಡುಗೆಮನೆಯ ಮೇಜಿನ ಮೇಲೆ ಹರಡಿ, ಅವಳಿ ಕಂಡಲ್ಲೆಲ್ಲ ಗುರುತು ಹಾಕಿದ್ದ. ಮುಂಭಾಗದಲ್ಲಿರುವ ಈಸ್ಟರ್‌ಗೆ, ಅಂದರೆ ಈಸ್ಟರ್ ಯಾವ ದಿನ ಬೀಳುತ್ತದೆಂದು ಲೆಕ್ಕ ಹಾಕುವ ತುಣುಕಿನ ವಿವರಕ್ಕೆ, ಒಂದು ಕೆಂಪು ಗುರುತು: "ಇದು ಹಿಂದೆಯೂ ಇದೆ." ಹಿಂಭಾಗದಲ್ಲಿರುವ ಈಸ್ಟರ್‌ಗೆ ಇನ್ನೊಂದು: "ಇದು ಮುಂದೆಯೂ ಇದೆ." ಇಂಥ ಅಚ್ಚುಕಟ್ಟುತನವನ್ನು ಬಸ್ ಕಂಪನಿಯೂ ಮೆಚ್ಚುತ್ತಿತ್ತು. ಮಂಗಳವಾರ ಅವನು ಮುಂಭಾಗ ಹಿಡಿದು, ಗುರುತಿದ್ದ ಮೂವತ್ತೇಳನ್ನೂ ಕಂಪ್ಯೂಟರ್‌ನಲ್ಲಿ ಅಳಿಸಿದ. ಹೇಗೂ ಹಿಂದೆ ಇವೆಯಲ್ಲ. ಬುಧವಾರ ಎದ್ದು, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ನೆನಪಾಗದೆ, ಎಚ್ಚರಿಕೆಯ ಮನುಷ್ಯನಾದ್ದರಿಂದ ಈ ಸಲ ಕೊನೆಯಿಂದ ಶುರುಮಾಡಿದ. ಗುರುತಿದ್ದ ಮೂವತ್ತೇಳನ್ನೂ ಅಳಿಸಿದ. ಹೇಗೂ ಮುಂದೆ ಇವೆಯಲ್ಲ. ಟ್ರೋಮ್ಸೋದಲ್ಲಿ ಗುನ್ವೋರ್ ಜ್ವರ ಬಂದು ಮಲಗಿದ್ದಳು. ಪ್ರೇಬೆನ್ ಕಳಿಸಿದ್ದಕ್ಕೆಲ್ಲ ಕಣ್ಣು ಮುಚ್ಚಿಕೊಂಡೇ ಒಪ್ಪಿಗೆ ಒತ್ತಿದಳು.

ಗುರುವಾರ ಬೆಳಗ್ಗೆ ಬೇಕರಿಯ ಸಾಲಿನಲ್ಲಿ ಪ್ರೇಬೆನ್ ನನ್ನ ಮುಂದೆ ನಿಂತಿದ್ದ. ಫೋನ್ ಬಡಿಯಿತು. ಅವನಿಗೆ ಒಂದು ಕಿವಿ ಮಂದ. ಫೋನಿನ ಧ್ವನಿ ಇಡೀ ಅಂಗಡಿಗೆ ಕೇಳುವಂತೆ ಇಟ್ಟುಕೊಂಡಿರುತ್ತಾನೆ.

"ಪ್ರೇಬೆನ್," ಎಂದಿತು ಜ್ವರದ ಹೆಣ್ಣುದನಿ, "ಐಸ್‌ಲೆಂಡಿಂದ ಒಬ್ಬ ಪಾದ್ರಿ ಬರೆದಿದಾರೆ. ಈಸ್ಟರ್ ಎಲ್ಲಿ ಅಂತ ಕೇಳ್ತಿದಾರೆ."

"ಇದೆಯಲ್ಲ, ಹಿಂದುಗಡೆ."

"ಹಿಂದುಗಡೆ ಇಲ್ಲ."

"ಹಾಗಿದ್ರೆ ಮುಂದುಗಡೆ."

"ಮುಂದುಗಡೇನೂ ಇಲ್ಲ. ಎರಡರಲ್ಲಿ ಒಂದನ್ನ ತೆಗೀರಿ ಅಂದಿದ್ದೆ ನಾನು."

"ಒಂದನ್ನೇ ತೆಗೆದೆ," ಎಂದ ಪ್ರೇಬೆನ್. ಆಮೇಲೆ ಅವನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. "ಎರಡು ಸಲ."

ಆ ಕಡೆ ಕೆಮ್ಮು. ಈ ಕಡೆ ಪ್ರೇಬೆನ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಅಯ್ಯೋ ದೇವರೇ, ಈಸ್ಟರನ್ನ ನಾನೇ ಅಳಿಸಿಬಿಟ್ನಲ್ಲಾ! ಅಧಿಕ ವರ್ಷಾನೂ ಹೋಯ್ತು! ತಿಂಗಳ ಕೊನೇ ದಿನಾನೂ ಹೋಯ್ತು!"

ನನ್ನ ಹಿಂದೆ ನಿಂತಿದ್ದ ನಮ್ಮ ಚರ್ಚಿನ ಪಾದ್ರಿಯ ಹೆಂಡತಿಯ ಕೈಯಿಂದ ರೈ ಬ್ರೆಡ್ಡು ಬಿತ್ತು. ಗಲ್ಲಾದ ಹಿಂದಿನ ಹುಡುಗಿ, "ನನ್ನ ಮದುವೆ ಇರೋದೇ ತಿಂಗಳ ಕೊನೇ ದಿನ!" ಎಂದು ಅಳುಮೋರೆ ಮಾಡಿದಳು.

"ಗಾಬರಿ ಬೇಡ," ಎಂದಳು ಗುನ್ವೋರ್. "ಹಳೇ ಪ್ರತಿ ಇದೆ. ಒಂದು ಗುಂಡಿ ಒತ್ತಿದ್ರೆ ಎಲ್ಲ ವಾಪಸ್ ಬರುತ್ತೆ. ಎರಡೆರಡಾಗೇ ಬರುತ್ತೆ, ಅಷ್ಟೆ. ಮತ್ತೆ ಮೊದಲಿಂದ ಶುರುಮಾಡ್ಬೇಕು."

"ಈಗ್ಲೇ ಹೋಗಿ ಒತ್ತುತೀನಿ!"

"ಬೇಡ, ಬೇಡ, ನೀವು ಏನನ್ನೂ ಮುಟ್ಟಬೇಡಿ," ಎಂದಳು ಗುನ್ವೋರ್. ಜ್ವರ ಒಮ್ಮೆಗೇ ಬಿಟ್ಟವಳಂತೆ ಇತ್ತು ದನಿ. "ನಾನೇ ಒತ್ತುತೀನಿ."

ಕಂಪ್ಯೂಟರ್‌ನಲ್ಲಿ ಈಸ್ಟರ್ ಎರಡು ತಾಸಿನೊಳಗೆ ಮರಳಿತು. ಕ್ರಾಗ್‌ಸುಂಡ್‌ನಲ್ಲಿ ಅಷ್ಟು ಬೇಗ ಮರಳಲಿಲ್ಲ. ಲೈಬ್ರರಿ ಮುಗಿಸಿ ಪ್ರೇಬೆನ್ ಈಗ ಚರ್ಚಿಗೆ ಕೈ ಹಾಕಿದ್ದಾನೆ, ಎರಡೆರಡು ದಿನ ರಜೆ ಇರುವ ಹಬ್ಬಗಳಿಂದ ಒಂದೊಂದು ದಿನ ಕಿತ್ತುಹಾಕುತ್ತಾನೆ ಎಂದು ಸಂಜೆಯೊಳಗೆ ಎರಡೂ ದಂಡೆ ನಂಬಿದವು. ಪಾದ್ರಿ ಸ್ವತಃ ಬಂದು, "ಪ್ರೇಬೆನ್, ಈಸ್ಟರ್ ಸೋಮವಾರ ಒಂದನ್ನ ಬಿಟ್ಬಿಡಿ, ನಂಗೆ ಆ ವಾರ ಸಿಗೋ ರಜೆ ಅದೊಂದೇ," ಎಂದು ಬೇಡಿಕೊಂಡು ಹೋದರು. ಪ್ರೇಬೆನ್ ಕಣ್ಣೀರು ತುಂಬಿಕೊಂಡು, "ಎಲ್ಲಾನೂ ವಾಪಸ್ ಬಂದಿದೆ ಸ್ವಾಮಿ, ಎರಡೆರಡು ಬಂದಿದೆ," ಎಂದ. ಪಾದ್ರಿಗೆ ವರ್ಷಕ್ಕೆ ಎರಡು ಈಸ್ಟರ್ ಎಂದರೆ ಎಷ್ಟು ಉಪದೇಶ ಬರೆಯಬೇಕಾದೀತು ಎಂಬ ಹೊಸ ಚಿಂತೆ ಹತ್ತಿತು.

ಶುಕ್ರವಾರ ಮೇಯರ್ ಹೆನ್ನಿಂಗ್ ಪ್ರೇಬೆನ್‌ನನ್ನು ಕರೆಸಿದರು. ಅಲ್ಲಿ ನಡೆದದ್ದನ್ನು ನಾನು ಕಿವಿಯಾರೆ ಕೇಳಿದ್ದಲ್ಲ. ಆದರೆ ಮೇಯರ್ ಕೋಣೆಯ ಬಾಗಿಲು ತೆಳು. ಹೊರಗೆ ಕೂರುವ ಕಾರ್ಯದರ್ಶಿ ನಮ್ಮ ಬೀದಿಯವಳು.

ಮೇಯರ್‌ಗೆ ಒಂದು ಗುಟ್ಟಿತ್ತು. ಊರಿಗೆ ಎರಡು ಲೈಬ್ರರಿ ಯಾಕೆ, ಒಂದು ಸಾಕು ಎಂದು ಮುಂದಿನ ವರ್ಷದ ಯೋಜನೆಯಲ್ಲಿ ಸದ್ದಿಲ್ಲದೆ ಒಂದನ್ನು ಹೊಡೆದುಹಾಕುವ ಆಲೋಚನೆ. ತಿಳಿದವರು ಐದೇ ಜನ. ಈಗ ಊರಿಡೀ "ಲೈಬ್ರರಿ, ಎರಡರಲ್ಲಿ ಒಂದು" ಎಂದು ಗುಲ್ಲೆದ್ದಿದೆ! ಪ್ರೇಬೆನ್‌ಗೋ, ತಾನು ಈಸ್ಟರ್ ಕಳೆದದ್ದು ಪುರಭವನಕ್ಕೂ ಮುಟ್ಟಿತಲ್ಲ ಎಂಬ ನಾಚಿಕೆ.

"ಯಾರು ಹೇಳಿದ್ದು ನಿಮಗೆ?" ಎಂದು ಮೇಯರ್ ದನಿ ತಗ್ಗಿಸಿ ಕೇಳಿದರು.

"ಐಸ್‌ಲೆಂಡಿನ ಒಬ್ಬ ಪಾದ್ರಿ, ಹೆನ್ನಿಂಗ್ ಅವರೇ."

"ಐಸ್‌ಲೆಂಡಿಗೂ ಹೋಯ್ತಾ ವಿಷಯ?"

"ಮುಚ್ಚಿಟ್ಟು ಏನ್ ಪ್ರಯೋಜನ. ನಲವತ್ತು ದೇಶದಲ್ಲಿ ಗೊತ್ತಾಗಿದೆ."

ಮೇಯರ್ ಎದ್ದು ಕಿಟಕಿ ತೆರೆದರು. "ಪ್ರೇಬೆನ್, ನೀವೇ ಹೇಳಿ. ಎರಡಿದ್ದಾಗ ಒಂದನ್ನ ತೆಗೀಬೇಕು ಅಂದ್ಕೊಳ್ಳೋದು ತಪ್ಪಾ?"

"ತಪ್ಪಲ್ಲ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಒಂದ್ಮಾತು ನೆನಪಿಟ್ಕೊಳಿ. ಎಚ್ಚರ ತಪ್ಪಿದ್ರೆ ಎರಡೂ ಹೋಗತ್ತೆ."

ಇದು ಪ್ರೇಬೆನ್ ನೊಂದು ಕಲಿತ ಪಾಠ. ಮೇಯರ್ ಕಿವಿಗೆ ಅದು ಬೆದರಿಕೆಯಾಗಿ ಬಿತ್ತು: ಒಂದು ಲೈಬ್ರರಿಯ ಜೊತೆ ತಮ್ಮ ಕುರ್ಚಿಯೂ ಹೋಗುತ್ತದೆ ಎಂದು. ಗುಟ್ಟು ಹೇಗೂ ಬಯಲಾಯಿತು, ತಾವೇ ಮುಂದಾಗಿ ಸಭೆ ಕರೆಯುವುದು ಮೇಲು ಎಂದುಕೊಂಡರು; ಅರ್ಧ ತಾಸಿನಲ್ಲಿ ಪುರಭವನದ ಬಾಗಿಲಿಗೆ ಚೀಟಿ ಬಿತ್ತು. ಮಂಗಳವಾರ ಸಂಜೆ ಕ್ರೀಡಾ ಸಭಾಂಗಣದಲ್ಲಿ ಊರಿನ ಬಹಿರಂಗ ಸಭೆ. ವಿಷಯ: ಲೈಬ್ರರಿ. ಮಾತನಾಡುವವರು: ಪ್ರೇಬೆನ್ ಟೋಫ್ಟ್.

ಚೀಟಿ ಓದಿದ ಮೇಲೆ ಇಂಗೆಲೀಸ್ ಗಂಡನನ್ನು ಅಡುಗೆಮನೆಯಲ್ಲಿ ಕೂರಿಸಿ, ಊರಿನಲ್ಲಿ ಓಡಾಡುತ್ತಿರುವ ಮಾತನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳಿದಳು. ಅವನಿಗೆ ಅಲ್ಲಿಯವರೆಗೆ ಏನೂ ತಿಳಿದಿರಲಿಲ್ಲ. ಕೇಳಿ ಮುಗಿದಾಗ ಅವನು ಕೇಳಿದ್ದು ಒಂದೇ: "ಹಾಗಾದ್ರೆ ಥೋರಾ ಬಂದಿದ್ದು ಆಸಕ್ತಿ ಇಟ್ಕೊಂಡಲ್ವಾ?"

"ಅಲ್ಲ."

"ಪಾದ್ರಿ?"

"ಅವರೂ ಅಲ್ಲ. ಇಡೀ ಊರಲ್ಲಿ ನಿನ್ನ ಆ ಲೈಬ್ರರಿ ಏನು ಅಂತ ಗೊತ್ತಿರೋದು ನಂಗೊಬ್ಬಳಿಗೆ. ನಂಗೂ ಪೂರ್ತಿ ಗೊತ್ತಿಲ್ಲ."

ಪ್ರೇಬೆನ್ ಎದ್ದು ಬಾಗಿಲ ಚಿಲಕ ಹಾಕಿದ. "ನಾಳೆ ಊರು ಬಿಟ್ಟು ಹೋಗೋಣ," ಎಂದ.

"ಮಂಗಳವಾರ ಸಭೆಗೆ ಹೋಗು," ಎಂದಳು ಇಂಗೆಲೀಸ್. "ಇದ್ದದ್ದನ್ನ ಇದ್ದ ಹಾಗೆ ಹೇಳು. ಬಾಯಲ್ಲಿ ಏನೂ ಇಟ್ಕೋಬೇಡ."

ಸಭಾಂಗಣದಲ್ಲಿ ಪೂರ್ವದಂಡೆಯವರು ಪೂರ್ವಕ್ಕೆ, ಪಶ್ಚಿಮದಂಡೆಯವರು ಪಶ್ಚಿಮಕ್ಕೆ, ಹ್ಯಾಂಡ್‌ಬಾಲ್ ಪಂದ್ಯಕ್ಕೆ ಬಂದವರಂತೆ ಎದುರುಬದುರು ಕೂತಿದ್ದರು. ನಡುವೆ ಕಾಫಿ ಡ್ರಮ್ಮು. ವೇದಿಕೆಯ ಮೇಲೆ ಮೇಯರ್, ಅವರ ಎಡಕ್ಕೆ ಸಂಸ್ಕೃತಿ ವಿಭಾಗದ ಮುಖ್ಯಸ್ಥೆ, ಬಲಕ್ಕೆ ಕಟ್ಟಡ ವಿಭಾಗದ ಮುಖ್ಯಸ್ಥ. ಬೊದಿಲ್ ಮೊದಲ ಸಾಲಿನಲ್ಲಿ ಹೊಸ ಮಫ್ಲರ್ ಸುತ್ತಿಕೊಂಡು ಕೂತಿದ್ದಳು. ಮಾತಾಡುವವನು ತನ್ನ ತಂಗಿಯ ಗಂಡ ಎಂದು ಅಕ್ಕಪಕ್ಕದವರಿಗೆ ಆಗಲೇ ಎರಡು ಸಲ ಹೇಳಿಯಾಗಿತ್ತು.

ಪ್ರೇಬೆನ್ ವೇದಿಕೆ ಹತ್ತಿದ.

"ನ... ನಾನು ಹೇಳಿದ ಲೈಬ್ರರಿ ಈ ಊರಿಂದಲ್ಲ," ಎಂದು ಶುರುಮಾಡಿದ. "ಅದರಲ್ಲಿ ಪುಸ್ತಕ ಇಲ್ಲ. ಅದು ಕಂಪ್ಯೂಟರ್‌ದು. ದಿನ, ವಾರದ ಲೆಕ್ಕ ಮಾಡತ್ತೆ. ಅದರ ಕೈಪಿಡೀಲಿ ಎರಡೆರಡು ಸಲ ಬರೆದಿರೋದನ್ನ ತೆಗೀ ಅಂದ್ರು. ಅದಷ್ಟೇ ನನ್ನ ಕೆಲಸ. ಇದನ್ನ ಬೊದಿಲ್ ಮನೇಲಿ ಅವತ್ತೇ ಹೇಳ್ಬಹುದಿತ್ತು. ಹೇಳ್ಲಿಲ್ಲ. ದೊಡ್ಡ ತುಂಡು ಕೇಕ್ ಕೊಟ್ಟಿದ್ರು."

ಬೊದಿಲ್ ಮಫ್ಲರನ್ನು ಮೂಗಿನ ತನಕ ಎಳೆದುಕೊಂಡಳು.

"ಆ ಕೆಲಸಾನೂ ಸರಿಯಾಗಿ ಮಾಡ್ಲಿಲ್ಲ ನಾನು. ಹಿಂದಿಂದು ಇದೆ ಅಂತ ಮುಂದಿಂದು ತೆಗೆದೆ. ಮುಂದಿಂದು ಇದೆ ಅಂತ ಹಿಂದಿಂದು ತೆಗೆದೆ. ಎರಡು ಸಲಾನೂ ನಾನು ಹೇಳಿದ ಕಾರಣ ಸರಿಯಾಗೇ ಇತ್ತು. ಕೊನೆಗೆ ನೋಡಿದ್ರೆ ಏನೂ ಇಲ್ಲ. ಕ್ಷಮಿಸಿ."

ಪಶ್ಚಿಮದ ಕಡೆಯಿಂದ ಯಾರೋ ಕಿಸಕ್ಕೆಂದರು. ಪೂರ್ವದವರು ತಾವೇನು ಕಡಿಮೆ ಎಂದು ಜೋರಾಗಿ ನಕ್ಕರು. ಮೇಯರ್ ಮುಖಕ್ಕೆ ಹತ್ತು ದಿನದಿಂದ ಕಾಣದ ಬಣ್ಣ ಬಂತು. ಕೈ ತಟ್ಟಿ ಎದ್ದರು.

"ಕೇಳಿದ್ರಲ್ಲ ಮಹಾಜನರೇ! ಇದಕ್ಕೂ ಪುರಸಭೆಗೂ ಏನೇನೂ ಸಂಬಂಧ ಇಲ್ಲ. ಕಾಫಿ ಕುಡಿದು ಮನೆಗೆ ಹೋಗೋಣ."

ಥೋರಾ ಎದ್ದು ನಿಂತರು. "ಒಂದ್ನಿಮಿಷ. ಪ್ರೇಬೆನ್ ಹೇಳಿದ್ದು ಬೇರೆ ಲೈಬ್ರರಿ, ಸರಿ. ಹಾಗಿದ್ರೆ ನೀವು ಯಾಕೆ ಸಭೆ ಕರೆದ್ರಿ?"

ಮೇಯರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಅದು... ಒಂದು ಆಲೋಚನೆ ಇತ್ತು. ಬರೀ ಆಲೋಚನೆ. ಎರಡಿದೆ, ಮುಂದಿನ ವರ್ಷದಿಂದ ಒಂದು ಸಾಕಾಗಬಹುದೇನೋ ಅಂತ..."

"ಯಾವುದನ್ನ ಮುಚ್ಚೋದು?" ಎಂದು ಎರಡೂ ದಂಡೆ ಒಂದೇ ಕೊರಳಲ್ಲಿ ಕೂಗಿದವು. ಊರು ಒಂದಾದ ಮೇಲೆ ಅವು ಸೇರಿ ಆಡಿದ ಮೊದಲ ಮಾತು ಅದು.

ಮೇಯರ್ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಪೂರ್ವದ್ದು," ಎಂದರು ಸಂಸ್ಕೃತಿಯ ಮುಖ್ಯಸ್ಥೆ. ಅದೇ ಗಳಿಗೆಯಲ್ಲಿ, "ಪಶ್ಚಿಮದ್ದು," ಎಂದರು ಕಟ್ಟಡದ ಮುಖ್ಯಸ್ಥ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಪಶ್ಚಿಮದ್ದು ಇರತ್ತಲ್ಲ ಅಂತ ನಾವು ಪೂರ್ವದ್ದನ್ನ ಯೋಜನೆಯಿಂದ ತೆಗೆದ್ವಿ," ಎಂದರು ಆಕೆ.

"ಪೂರ್ವದ್ದು ಇರತ್ತಲ್ಲ ಅಂತ ನಾವು ಪಶ್ಚಿಮದ್ದನ್ನ ತೆಗೆದ್ವಿ," ಎಂದರು ಆತ. "ಹೋದ ತಿಂಗಳೇ ತೆಗೆದಾಯ್ತು."

ಮೇಯರ್ ಕಡತದ ಹಾಳೆಗಳನ್ನು ಸರಸರ ಮಗುಚಿದರು. ಮುಂದಿನ ವರ್ಷದ ಕ್ರಾಗ್‌ಸುಂಡ್‌ನಲ್ಲಿ, ಅವರೇ ಸಹಿ ಹಾಕಿದ ಹಾಳೆಯ ಪ್ರಕಾರ, ಲೈಬ್ರರಿ ಎಂಬುದೇ ಇರಲಿಲ್ಲ.

ವೇದಿಕೆಯಿಂದ ಇಳಿಯಲು ಮರೆತು ಅಲ್ಲೇ ನಿಂತಿದ್ದ ಪ್ರೇಬೆನ್, ಮೇಯರ್ ಹೆಗಲ ಮೇಲೆ ಕೈಯಿಟ್ಟು, ನಿಜವಾದ ಕನಿಕರದಿಂದ ಹೇಳಿದ: "ಹೆನ್ನಿಂಗ್, ನಂಗೂ ಹೀಗೇ ಆಯ್ತು. ಹಳೇ ಪ್ರತಿ ಇದ್ರೆ ವಾಪಸ್ ತರಬಹುದು."

ಆಮೇಲೆ ಎದ್ದ ನಗುವಿಗೆ ಕಾಫಿ ಡ್ರಮ್ಮಿನ ಮುಚ್ಚಳ ಅದುರಿತು ಎಂದರೆ ನೀವು ನಂಬಲಿಕ್ಕಿಲ್ಲ. ಯೋಜನೆಯ ಹಳೆಯ ಪ್ರತಿಯನ್ನು ಮರುದಿನವೇ ಹೊರತೆಗೆದು ಎರಡು ಲೈಬ್ರರಿಯನ್ನೂ ಇದ್ದ ಜಾಗದಲ್ಲಿ ಉಳಿಸಿದರು. ಸಭೆ ಮುಗಿದ ಮೇಲೆ ಥೋರಾ ಪ್ರೇಬೆನ್‌ನ ಕೈ ಕುಲುಕಿ, "ನಿಮ್ಮ ತಪ್ಪು ತುಂಬ ಉಪಯೋಗದ ತಪ್ಪು," ಎಂದರು. ಜನ ಹೊತ್ತೊಯ್ದ ಪುಸ್ತಕಗಳು ವಾಪಸ್ಸಾಗಲು ತಿಂಗಳುಗಳೇ ಹಿಡಿದವು. ಹಡಗಿನ ಕಪ್ತಾನ ಮಾತ್ರ ಎರಡು ಹಂದಿಮರಿ ತಂದೇಬಿಟ್ಟ. ಅವನ ಸಾಲದ ಅವಧಿ ವಿಸ್ತರಿಸಬೇಕಾಯಿತು.

ಪ್ರೇಬೆನ್ ಅಡುಗೆಮನೆಯ ಮೇಜಿಗೆ ಮರಳಿದ. ಈ ಸಲ ಕೆಂಪು ಪೆನ್ಸಿಲ್ ಇಲ್ಲ. ಮುಂದಿನದನ್ನು ಎಡಕ್ಕಿಟ್ಟು, ಹಿಂದಿನದನ್ನು ಬಲಕ್ಕಿಟ್ಟು, ಒಂದೊಂದು ಪದವನ್ನೂ ಬೆರಳಿಟ್ಟು ಹೋಲಿಸುತ್ತ ಹೋದ. ದಿನಕ್ಕೆ ಎರಡು ಜೋಡಿಗಿಂತ ಹೆಚ್ಚು ಸಾಗುತ್ತಿರಲಿಲ್ಲ. ಇಂಗೆಲೀಸ್ ಊಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು ತಿನ್ನುತ್ತಿದ್ದಳು. ಹತ್ತೊಂಬತ್ತನೆಯ ಜೋಡಿಯ ಹತ್ತಿರ ಅವನ ಬೆರಳು ನಿಂತುಬಿಟ್ಟಿತು. ಎರಡು ದಿನಾಂಕಗಳ ನಡುವೆ ಕೆಲಸದ ದಿನ ಎಷ್ಟು ಎಂದು ಎಣಿಸುವ ತುಣುಕು ಅದು. ಎಡದ ಹಾಳೆಯಲ್ಲಿ "ಕೊನೆಯ ದಿನ ಸೇರಿ" ಎಂದಿತ್ತು. ಬಲದ ಹಾಳೆಯಲ್ಲಿ "ಕೊನೆಯ ದಿನ ಬಿಟ್ಟು" ಎಂದಿತ್ತು. ಹೆಸರಿನ ಒಂದಕ್ಷರ ಬಿಟ್ಟರೆ ಉಳಿದದ್ದೆಲ್ಲ ತದ್ವತ್ತು. ಮೂವತ್ತೊಂದು ವರ್ಷ ವೇಳಾಪಟ್ಟಿ ಬರೆದವನಿಗೆ ಒಂದು ದಿನದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ; ಒಂದು ದಿನ ತಪ್ಪಿದರೆ ಭಾನುವಾರದ ಬಸ್ಸು ಸೋಮವಾರ ಬಂದು ಶಾಲೆಯ ಮಕ್ಕಳು ಬೀದಿಯಲ್ಲಿ ನಿಲ್ಲುತ್ತಾರೆ.

ಅವನು ಗುನ್ವೋರ್‌ಗೆ ಫೋನ್ ಮಾಡಿದ. "ಇವು ನಕಲಲ್ಲ. ಬೇರೆ ಬೇರೆ. ಇದೊಂದು ಜೋಡೀನ ತೆಗೀಬಾರ್ದು."

"ಒಂದೇ ಪ್ರೇಬೆನ್, ನಾನೇ ಬರೆದಿದ್ದು."

"ನೀವೇ ಇನ್ನೊಂದ್ಸಲ ನೋಡಿ."

ಅವಳು ನೋಡಿದಳು. ಒಂದು ಅಕ್ಷರದ ವ್ಯತ್ಯಾಸದಲ್ಲಿ ಎರಡು ಹೆಸರು, ಎರಡು ತುಣುಕು; ಅವಳು ಬರೆದು ಮರೆತುಬಿಟ್ಟಿದ್ದಳು. ತಮ್ಮ ಲೆಕ್ಕ ಒಂದು ದಿನ ತಪ್ಪುತ್ತಿದೆ ಎಂದು ಆರು ದೇಶದವರು ಅವಳಿಗೆ ಬರೆದಿದ್ದರಂತೆ. ಎಣಿಸುವುದು ಕಲಿಯಿರಿ ಎಂದು ಅವಳು ಆರೂ ಜನಕ್ಕೆ ಉತ್ತರ ಕೊಟ್ಟಿದ್ದಳು.

"ಪ್ರೇಬೆನ್," ಎಂದಳು ಕೊನೆಗೆ, "ಶಾಲೆ, ಮನೆ, ಇದು, ಎಲ್ಲ ನನ್ನೊಬ್ಬಳ ಕೈಲಿ ಆಗ್ತಿಲ್ಲ. ಈ ಕೈಪಿಡಿ ಪೂರ್ತಿ ನೀವೇ ವಹಿಸ್ಕೊಳ್ತೀರಾ? ನಿಮ್ಮ ಹೆಸರಲ್ಲೇ?"

ಇದನ್ನೆಲ್ಲ ನನಗೆ ಹೇಳಿದ್ದು ಇಂಗೆಲೀಸ್, ಎಷ್ಟೋ ತಿಂಗಳ ಮೇಲೆ. ಆ ಕ್ಷಣ ಅವನು "ನಾನಾ?" ಎಂದು ಕೇಳಿ, ಫೋನ್ ಮೇಜಿನ ಮೇಲಿಟ್ಟು, ಮುಖ ತೊಳೆದುಕೊಂಡು ಬಂದು, "ಹೂಂ" ಎಂದನಂತೆ. ಆಮೇಲೆ ಹೆಂಡತಿಗೆ ಒಂದೇ ಮಾತು ಹೇಳಿದನಂತೆ: "ನಿಮ್ಮಕ್ಕಂಗೆ ಹೇಳ್ಬೇಡ."

ಆ ಫೋನಿನ ಮರುದಿನ, ನನಗೆ ಇದೊಂದೂ ತಿಳಿಯದಿದ್ದಾಗ, ಪ್ರೇಬೆನ್ ಬೇಲಿಯ ಹತ್ತಿರ ಸಿಕ್ಕಿದ. "ಏನಪ್ಪಾ, ಈಗೇನು ನಡೀತಿದೆ?" ಎಂದೆ.

ಆ ಕಡೆ ನೋಡಿದ, ಈ ಕಡೆ ನೋಡಿದ. "ಏನಿಲ್ಲ, ಕ್ಯಾರೆಟ್ ಬಿತ್ತಿದೀನಿ," ಎಂದ.

ಆ ಬೇಸಿಗೆಯೆಲ್ಲ ಅವನ ತೋಟದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆಯಿತು. ಅಡುಗೆಮನೆಯ ಕಿಟಕಿಯಲ್ಲಿ ಮೇಜಿನ ಮೇಲೆ ಬಗ್ಗಿದ ಬೋಳುತಲೆ ಮಾತ್ರ ಕಾಣುತ್ತಿತ್ತು. ಕ್ಯಾರೆಟ್ ಹೇಗಿದೆ ಎಂದು ಕೇಳಿದಾಗಲೆಲ್ಲ, "ಈ ವರ್ಷ ಚೆನ್ನಾಗಿ ಬಂದಿದೆ," ಎನ್ನುತ್ತಿದ್ದ. ಆಗಸ್ಟ್‌ನಲ್ಲಿ ಒಂದು ದಿನ ಬೇಲಿಯ ಮೇಲಿಂದ ನನಗೊಂದು ಕಟ್ಟು ಕೊಟ್ಟ. ಅಂಗಡಿಯ ಚೀಟಿ ಅದರ ಮೇಲೆ ಹಾಗೇ ಅಂಟಿಕೊಂಡಿತ್ತು. ತುಂಬ ಸಿಹಿಯಾಗಿದ್ದವು ಎಂದು ಹೇಳಿದೆ.